720ರ ಭಾಜಕ ಎಣಿಸುವಾಗ ಒಂದೆರಡು ಬಿಟ್ಟೇ ಹೋಗುತ್ತವೆ, ನೀವು ಹೇಗೆ ಹೇಳಿಕೊಟ್ಟಿರಿ?

ಸಿಂಧನೂರು, ಎಂಟನೇ ಕ್ಲಾಸ್ ಹುಡುಗಿಯ ತಾಯಿ:
720ಕ್ಕೆ ಎಷ್ಟು ಭಾಜಕಗಳಿವೆ ಅಂತ ಕೇಳಿದರೆ ಮಗಳು ಒಂದೊಂದಾಗಿ ಬರೆಯುತ್ತಾಳೆ. ಯಾವಾಗಲೂ ಒಂದೆರಡು ಬಿಟ್ಟು ಹೋಗುತ್ತವೆ. ಅವಿಭಾಜ್ಯಗಳಾಗಿ ಒಡೆದು, ಪ್ರತಿ ಘಾತಕ್ಕೆ (ಒಂದು ಅವಿಭಾಜ್ಯ ಎಷ್ಟು ಸಲ ಬಂದಿದೆಯೋ ಆ ಎಣಿಕೆಗೆ) ಒಂದು ಕೂಡಿಸಿ ಗುಣಿಸಬೇಕು ಅಂತ ಗೈಡಿನಲ್ಲಿದೆ. ಆ ಒಂದು ಯಾಕೆ ಅಂತ ಅವಳು ಕೇಳಿದರೆ ನಾನೇನು ಹೇಳಲಿ?

ಗಂಗಾವತಿ, ಟ್ಯೂಷನ್ ಮೇಷ್ಟ್ರು:
ಅಕ್ಕಾರೆ, ಸೂತ್ರ ಆಮೇಲೆ. ಮೊದಲು 72 ತಗೊಳ್ಳಿ. ಒಡೆದರೆ ಮೂರು 2, ಎರಡು 3. ನಾನು ಮಕ್ಕಳಿಗೆ ಒಗ್ಗರಣೆ-ಮಿರ್ಚಿ ಲೆಕ್ಕ ಹೇಳುತ್ತೇನೆ. ಅಂಗಡಿಯಲ್ಲಿ ಮೂರೇ ಮಿರ್ಚಿ ಉಳಿದಿದ್ದರೆ ತಟ್ಟೆಗೆ ಎಷ್ಟು ಹಾಕಿಸಿಕೊಳ್ಳಬಹುದು? ಒಂದು, ಎರಡು, ಮೂರು, ಇಲ್ಲಾಂದ್ರೆ ಒಂದೂ ಬೇಡ. ಆ 'ಬೇಡ'ವೇ ನೀವು ಕೂಡಿಸುವ ಒಂದು. ಹಾಗೇ ಭಾಜಕ ಕಟ್ಟುವಾಗ 2ಕ್ಕೆ ನಾಲ್ಕು ದಾರಿ, 3ಕ್ಕೆ ಮೂರು.

ಆಮೇಲೆ ಚೌಕದ ಹಾಳೆಯಲ್ಲಿ ಮೇಲೆ 1, 2, 4, 8 ಬರೆಸಿ. ಎಡಕ್ಕೆ 1, 3, 9. ಗುಣಿಸುತ್ತಾ ಮನೆ ತುಂಬಿಸಲಿ. ಮೊದಲ ಸಾಲು 1, 2, 4, 8. ಎರಡನೆಯದು 3, 6, 12, 24. ಮೂರನೆಯದು 9, 18, 36, 72. ಹನ್ನೆರಡು ಮನೆ, ಹನ್ನೆರಡು ಭಾಜಕ. ಯಾವುದೂ ಎರಡು ಸಲ ಬರಲ್ಲ. ಯಾಕಂದ್ರೆ ಒಂದು ಸಂಖ್ಯೆಯನ್ನು ಅವಿಭಾಜ್ಯಗಳಾಗಿ ಒಡೆಯಲು ಇರುವುದು ಒಂದೇ ರೀತಿ. 720ರಲ್ಲಿ ನಾಲ್ಕು 2, ಎರಡು 3, ಒಂದು 5. ಹಾಗಾಗಿ 5×3×2 = 30.

ರಾಯಚೂರು, ನೌಕರಿ ಪರೀಕ್ಷೆಗೆ ಓದುತ್ತಿರುವವನು:
720 = 8×9×10 ಅಂತ ಒಡೆದು ಅಲ್ಲೇ ನಿಲ್ಲಿಸಬೇಡಿ ಅಕ್ಕ. 10ರೊಳಗೂ ಒಂದು 2 ಕೂತಿದೆ. ಸಮ ಭಾಜಕಗಳೆಷ್ಟು ಅಂತಾನೂ ಕೇಳುತ್ತಾರೆ. ಆಗ 2 ಒಂದಾದರೂ ಇರಲೇಬೇಕು, 'ಬೇಡ' ನಡೆಯಲ್ಲ. 4×3×2 = 24. ಉಳಿದ 6 ಬೆಸ.

ಅಭ್ಯಾಸಕ್ಕೆ ಗಾಡಿ ನಂಬರ್ ಸಾಕು. ಬಳ್ಳಾರಿಯ 34ಕ್ಕೆ 4 ಭಾಜಕ. ಕೊಪ್ಪಳದ 37 ಅವಿಭಾಜ್ಯ, ಬರೀ 2. ನಮ್ಮ ರಾಯಚೂರಿನ 36ಕ್ಕೆ 9!

ಕಂಪ್ಲಿಯಿಂದ:
ಚಿಕ್ಕ ಸಂಖ್ಯೆಗೆ ಇಷ್ಟೆಲ್ಲ ಯಾಕೆ? ಜೋಡಿ ಹಾಕಿದರೆ ಆಯ್ತು. 36ಕ್ಕೆ 1–36, 2–18, 3–12, 4–9. ಕೊನೆಗೆ 6ಕ್ಕೆ ಆರೇ ಜೋಡಿ, ಅದನ್ನು ಒಂದೇ ಸಲ ಎಣಿಸಬೇಕು. ವರ್ಗಸಂಖ್ಯೆಗಳಿಗೆ ಮಾತ್ರ ಭಾಜಕಗಳ ಎಣಿಕೆ ಬೆಸ ಬರುವುದು ಇದಕ್ಕೇ.

ನನ್ನ ಪ್ರಕಾರ ತಲೆನೋವು ಇರೋದು ಎಣಿಸುವುದರಲ್ಲಲ್ಲ, ಒಡೆಯುವುದರಲ್ಲಿ. ನಮ್ಮ ಭಾಗದವರ ಬಾಯಲ್ಲಿ ದಿನಾ ಇರುವ ಸಂವಿಧಾನದ 371(ಜೆ) ವಿಧಿ ನೋಡಿ. 371 ಅವಿಭಾಜ್ಯ ಅನ್ನಿಸುತ್ತದೆ, ಅಲ್ವಾ? ಅದು 7×53. 19ರವರೆಗಿನ ಅವಿಭಾಜ್ಯಗಳಿಂದ ಭಾಗಿಸಿ ನೋಡದೆ ತೀರ್ಮಾನಿಸಬಾರದು.

ಸಿಂಧನೂರಿನ ತಾಯಿ:
ಚೌಕ ಹಾಕಿಸಿದೆ, ತಿಳಿಯಿತು ಅವಳಿಗೆ. 720ಕ್ಕೆ 5ರದ್ದು ಇನ್ನೊಂದು ಚೌಕ ಬೇಕು ಅಂತ ಅವಳೇ ಹೇಳಿದಳು. ಈಗ ಉಲ್ಟಾ ಕೇಳುತ್ತಿದ್ದಾಳೆ: ಹನ್ನೆರಡು ಭಾಜಕ ಇರುವ ಎಲ್ಲಕ್ಕಿಂತ ಚಿಕ್ಕ ಸಂಖ್ಯೆ 72 ಏನು?

ಗಂಗಾವತಿ ಮೇಷ್ಟ್ರು:
ಅಲ್ಲ ಅಕ್ಕಾರೆ. 12ನ್ನು 3×2×2 ಅಂತಾನೂ ಬರೆಯಬಹುದು. ಆಗ ಘಾತಗಳು 2, 1, 1. ದೊಡ್ಡ ಘಾತವನ್ನು ಚಿಕ್ಕ ಅವಿಭಾಜ್ಯಕ್ಕೆ ಕೊಟ್ಟರೆ 4×3×5 = 60. 60, 72 ಬಿಟ್ಟು 100ರೊಳಗೆ ಹನ್ನೆರಡು ಭಾಜಕದವು ಇನ್ನೂ ಮೂರಿವೆ, ಅವನ್ನು ಅವಳೇ ಹುಡುಕಲಿ.