ಬೊಡೋನಿ ಫಾಂಟ್: ಪರದೆಯಲ್ಲಿ ಸರಿ, ಅಚ್ಚಾದಾಗ ತೆಳು ಗೆರೆ ಮಾಯ

ಮಂಡ್ಯ_ಪುಟವಿನ್ಯಾಸ
ಎಲ್ಲರಿಗೂ ನಮಸ್ಕಾರ. ನಮ್ಮ ಸಂಗೀತ ಸಭೆಯ ಸ್ಮರಣ ಸಂಚಿಕೆ ಮಾಡುತ್ತಿದ್ದೇನೆ. ಇಂಗ್ಲಿಷ್ ಪುಟಗಳಿಗೆ ಬೊಡೋನಿ ಮೋಡಾ ಹಾಕಿದ್ದೇನೆ. 60 ಪಾಯಿಂಟ್ ಶೀರ್ಷಿಕೆ ನೋಡಿದರೆ ಕಣ್ಣು ತಂಪಾಗುತ್ತದೆ. ಆದರೆ ಮೈಸೂರಿನ ಪ್ರೆಸ್ಸಿನಿಂದ ನಿನ್ನೆ ಬಂದ ಸ್ಯಾಂಪಲ್ ಹಾಳೆಯಲ್ಲಿ 9 ಪಾಯಿಂಟ್ ಬರಹ ಓದಲು ಆಗುತ್ತಿಲ್ಲ. ಸಣ್ಣ ‘ಇ’ಯ ಅಡ್ಡಗೆರೆ ಹೋಗಿ ‘ಸಿ’ ಆಗಿದೆ. ‘ಎನ್’ ಇದ್ದ ಕಡೆ ಎರಡು ಕಂಬ ಅಷ್ಟೇ. ಮರೂನ್ ಮೇಲಿನ ಬಿಳಿ ಅಕ್ಷರ ಇನ್ನೂ ಕಷ್ಟ. ಕಲಾವಿದರ ಹೆಸರುಗಳೇ ಹೀಗಾದರೆ ಹೇಗೆ? ದಯವಿಟ್ಟು ದಾರಿ ಹೇಳಿ.

ಮೊಳೆ_ಜೋಡಿಸಿದವ, ಮೈಸೂರು
ಮೊದಲು ಭೂತಗನ್ನಡಿ ಇಟ್ಟು ಕಪ್ಪು ಅಕ್ಷರದ ಅಂಚು ನೋಡಿ ಸರ್. ಕೆಂಪು, ನೀಲಿ ಚುಕ್ಕಿ ಕಂಡರೆ ಅದು ನಾಲ್ಕು ಬಣ್ಣದ ಶಾಯಿ ಸೇರಿಸಿ ಮಾಡಿದ ಕಪ್ಪು. ರಿಜಿಸ್ಟರ್, ಅಂದರೆ ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರುವುದು, ಒಂದೆಳೆ ಆಚೀಚೆ ಆದರೂ ತೆಳು ಗೆರೆ ಕೆಡುತ್ತದೆ. ಆಮೇಲೆ ಪಿಡಿಎಫ್ ಹಿಗ್ಗಿಸಿ ನೋಡಿ. ಅಂಚು ಮೆಟ್ಟಿಲು ಮೆಟ್ಟಿಲಾಗಿದ್ದರೆ ಅಕ್ಷರ ಚಿತ್ರವಾಗಿ ಹೋಗಿದೆ ಅಂತ. ಕಾಗದ ಯಾವುದು?

ಮಂಡ್ಯ_ಪುಟವಿನ್ಯಾಸ
ಚುಕ್ಕಿ ಇಲ್ಲ, ಬರೀ ಕಪ್ಪು. ಅಂಚೂ ನುಣುಪಾಗಿದೆ. ಕಾಗದ ಮ್ಯಾಪ್‌ಲಿಥೋ (ಹೊಳಪಿಲ್ಲದ ಸಾದಾ ಕಾಗದ), 80 ಜಿಎಸ್‌ಎಂ. ಶೀರ್ಷಿಕೆಯ ಸ್ಟೈಲನ್ನೇ ಕಾಪಿ ಮಾಡಿ ಸೈಜ್ ಇಳಿಸಿದ್ದೆ.

ಮೊಳೆ_ಜೋಡಿಸಿದವ, ಮೈಸೂರು
ಅಲ್ಲೇ ಇದೆ ನೋಡಿ ಸಮಸ್ಯೆ. ತೆಳು ಗೆರೆ ಸೈಜಿನ 1000ದಲ್ಲಿ 15 ಪಾಲು ಅಂದುಕೊಳ್ಳಿ. 60 ಪಾಯಿಂಟ್‌ನಲ್ಲಿ ಅದು 0.9 ಪಾಯಿಂಟ್, ಚೆನ್ನಾಗಿ ನಿಲ್ಲುತ್ತದೆ. 9 ಪಾಯಿಂಟ್‌ಗೆ ಇಳಿಸಿದರೆ 0.135. ಆಫ್‌ಸೆಟ್‌ನಲ್ಲಿ 0.25ಕ್ಕಿಂತ ತೆಳು ಗೆರೆಯನ್ನು ನಾನು ನಂಬುವುದಿಲ್ಲ.

ಸೀಸದ ಮೊಳೆಯ ಕಾಲದಲ್ಲಿ ಪ್ರತಿ ಸೈಜಿಗೂ ಬೇರೆ ಅಚ್ಚು ಕೊರೆಯುತ್ತಿದ್ದರು. ಇಟಲಿಯ ಪಾರ್ಮಾದಲ್ಲಿ ಜಾಂಬಾಟಿಸ್ಟಾ ಬೊಡೋನಿ ಮಾಡಿದ್ದೂ ಹಾಗೆಯೇ. ಸಣ್ಣ ಮೊಳೆಯಲ್ಲಿ ಸೈಜಿಗೆ ಹೋಲಿಸಿದರೆ ತೆಳು ಗೆರೆಗೆ ದಪ್ಪ ಜಾಸ್ತಿ. 1994ರ ಐಟಿಸಿ ಬೊಡೋನಿಯೂ ಅದಕ್ಕೇ 6, 12, 72 ಪಾಯಿಂಟ್ ಅಂತ ಮೂರು ಬಗೆಯಲ್ಲಿ ಬಂತು. ನಿಮ್ಮ ಬೊಡೋನಿ ಮೋಡಾದಲ್ಲಿ ಆಪ್ಟಿಕಲ್ ಸೈಜ್ ಸ್ಲೈಡರ್, ಅಂದರೆ ಅಕ್ಷರದ ಆಕಾರವನ್ನು ಸೈಜಿಗೆ ತಕ್ಕಂತೆ ಬದಲಿಸುವ ಗುಂಡಿ, 6ರಿಂದ 96ರವರೆಗೆ ಇದೆ. ನಿಮ್ಮಲ್ಲಿ ಅದು ಮೇಲಿನ ತುದಿಯಲ್ಲೇ ನಿಂತುಬಿಟ್ಟಿದೆ ಅನ್ನಿಸುತ್ತದೆ. ಚಿಕ್ಕ ಬರಹಕ್ಕೆ 9ಕ್ಕೆ ಇಳಿಸಿ.

ಸ್ಟ್ರೋಕ್ (ಅಕ್ಷರದ ಸುತ್ತ ಗೆರೆ) ಹಾಕಿ ದಪ್ಪ ಮಾಡಲು ಮಾತ್ರ ಹೋಗಬೇಡಿ. ಕಂಬಗಳೂ ದಪ್ಪವಾಗಿ ಅಕ್ಷರದ ಹೊಟ್ಟೆ ಮುಚ್ಚಿಹೋಗುತ್ತದೆ.

ಅಕ್ಷರಪ್ರಿಯೆ
ಆರ್ಟ್ ಪೇಪರ್ ಹಾಕಿದರೆ ಸಾಕಲ್ವಾ ಸರ್?

ಮೊಳೆ_ಜೋಡಿಸಿದವ, ಮೈಸೂರು
ನುಣುಪು ಕಾಗದದಲ್ಲಿ ಗೆರೆ ಅಷ್ಟು ತುಂಡಾಗುವುದಿಲ್ಲ, ನಿಜ ಮೇಡಂ. ಆದರೆ ಓದುವ ಪುಸ್ತಕಕ್ಕೆ ಆ ಹೊಳಪು ಕಣ್ಣಿಗೆ ಹಿಂಸೆ. ಮರೂನ್ ತೊಂದರೆಯೂ ಹೋಗುವುದಿಲ್ಲ. ಅಲ್ಲಿ ಎರಡು ಮೂರು ಶಾಯಿ ಒಂದರ ಮೇಲೊಂದು ಬೀಳುತ್ತದೆ. ಹರಡಿದ ಶಾಯಿ ಬಿಳಿ ಗೆರೆಯನ್ನು ನುಂಗುತ್ತದೆ. ಆ ಪುಟಕ್ಕೆ ನೋಟೋ ಸೆರಿಫ್ ಮೀಡಿಯಂ, 11 ಪಾಯಿಂಟ್ ಹಾಕಿ.

ಮಂಡ್ಯ_ಪುಟವಿನ್ಯಾಸ
ಸ್ಲೈಡರ್ 96ರಲ್ಲೇ ಇತ್ತು! 9ಕ್ಕೆ ಇಳಿಸಿ, ಮರೂನ್ ಪುಟದ ಫಾಂಟ್ ಬದಲಾಯಿಸಿ, ಪ್ರೆಸ್ಸಿನಲ್ಲಿ ಕೂತೇ ಇನ್ನೊಂದು ಹಾಳೆ ತೆಗೆಸಿದೆ. ‘ಇ’ ಈಗ ‘ಇ’ ಆಗಿಯೇ ಕಾಣುತ್ತಿದೆ. ಅಕ್ಷರ ಸ್ವಲ್ಪ ಅಗಲವಾಗಿ ಪುಟಕ್ಕೆ ಎರಡು ಸಾಲು ಜಾಸ್ತಿಯಾಯಿತು. ಅಂಚು ಕಡಿಮೆ ಮಾಡದೆ ಒಂದು ಫೋಟೋ ಚಿಕ್ಕದು ಮಾಡಿದೆ. ತುಂಬಾ ಉಪಕಾರವಾಯಿತು ಸರ್. ನಾಳೆ ಬೆಳಗ್ಗೆ ಪ್ಲೇಟ್ ಹಾಕುತ್ತಾರೆ.