ಸಹಾಯ ಬೇಕು: ಬೇಸಿಗೆಯಲ್ಲಿ ಒಣ ಕರಡ ಹುಲ್ಲು ಮೇಯುವ ದನಗಳಿಗೆ ಏನು ಕೊಡಲಿ?

ಎಲ್ಲರಿಗೂ ನಮಸ್ಕಾರ. ನಮ್ಮದು ಕಡೂರು ಕಡೆ. 14 ಹಳ್ಳಿಕಾರ್ ದನ ಇವೆ. ಹಾಲಿಗಿಂತ ಹೋರಿಕರು ಮಾರಿದ ದುಡ್ಡೇ ಜಾಸ್ತಿ. ಮಳೆಗಾಲದಲ್ಲಿ ಚಿಂತೆಯಿಲ್ಲ. ಜನವರಿ ದಾಟಿದರೆ ಗುಡ್ಡದಲ್ಲಿ ಬರೀ ಒಣ ಕರಡ. ಸಂಜೆ ಹೊಟ್ಟೆ ತುಂಬಿಸಿಕೊಂಡೇ ಬರುತ್ತವೆ, ಆದರೂ ಪಕ್ಕೆಲುಬು ಎಣಿಸಬಹುದು! ಎರಡು ಕಡಸು ಇನ್ನೂ ಬೆದೆಗೆ ಬಂದಿಲ್ಲ. ಒಂದು ಹಸು ಮೂಳೆ ಕಡಿಯುತ್ತಿತ್ತು. ರಂಜಕ (ಫಾಸ್ಫರಸ್) ಕಡಿಮೆ ಅಂತ ಡಾಕ್ಟರು ಖನಿಜ ಮಿಶ್ರಣ ಬರೆದುಕೊಟ್ಟರು, ಅದು ಶುರುವಾಗಿದೆ.

ಒಣಗಿದ ಹುಲ್ಲಿನಲ್ಲಿ ಪ್ರೋಟೀನ್ ಶೇ 3-4 ಇದ್ದರೆ ಹೆಚ್ಚು. ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳಿಗೆ ಶೇ 7 ಆದರೂ ಬೇಕು, ಇಲ್ಲದಿದ್ದರೆ ಹುಲ್ಲು ಅರಗುವುದೇ ನಿಧಾನ. ಅದಕ್ಕೇ 100 ಕೆಜಿ ರಾಗಿ ಹುಲ್ಲಿಗೆ 4 ಕೆಜಿ ಯೂರಿಯಾ ನೀರಲ್ಲಿ ಕರಗಿಸಿ ಚಿಮುಕಿಸಿ, ಟಾರ್ಪಾಲಿನ್ ಬಿಗಿಯಾಗಿ ಮುಚ್ಚಿ 3 ವಾರ ಇಡೋಣ ಅಂದುಕೊಂಡೆ. ಅಪ್ಪ ಒಪ್ಪುತ್ತಿಲ್ಲ. "ದನಕ್ಕೆ ಗೊಬ್ಬರ ತಿನ್ನಿಸ್ತೀಯೇನೋ" ಅಂತಾರೆ. ಅವರ ಭಯವೂ ಸುಳ್ಳಲ್ಲ, ಯೂರಿಯಾ ನೀರು ಕುಡಿದ ದನ ಉಳಿಯುವುದು ಕಷ್ಟ. ಮಾಡಿ ನೋಡಿದವರು ಇದ್ದೀರಾ? ನೀರು ಎಷ್ಟು ಹಾಕಿದಿರಿ, ಬೂಷ್ಟು ಬಂತಾ? ಇಲ್ಲಾ ದಿನಕ್ಕೆ ಅರ್ಧ ಕೆಜಿ ಕಡಲೆಕಾಯಿ ಹಿಂಡಿ ಕೊಟ್ಟು ಸುಮ್ನೆ ಇರಲಾ?

ಇನ್ನೊಂದು. ನಮ್ಮದೇ 5 ಎಕರೆ ಬೀಳು ಇದೆ. 4 ಭಾಗ ಮಾಡಿ ಸರದಿಯಲ್ಲಿ ಮೇಯಿಸಿ, ಒಂದನ್ನು ಬೀಜ ಉದುರುವ ತನಕ ಬಿಡುವ ಯೋಚನೆ. ಮಧ್ಯೆ ಸ್ಟೈಲೋ (ದ್ವಿದಳ ಜಾತಿಯ ಮೇವು) ಬಿತ್ತಬೇಕು. ಗೋಮಾಳದಲ್ಲಿ ಇದು ನಡೆಯುವುದಿಲ್ಲ, ನಾವು ಬಿಟ್ಟ ಹುಲ್ಲು ಬೇರೆಯವರ ಕುರಿಗೆ, ಅಲ್ವಾ? ತಂತಿ ಬೇಲಿಗೆ ದುಡ್ಡಿಲ್ಲ. ಕತ್ತಾಳೆ, ಗ್ಲಿರಿಸಿಡಿಯಾ ಬೇಲಿ ದನ ತಡೆಯುವಷ್ಟು ಆಗಲು ಎಷ್ಟು ವರ್ಷ ಬೇಕಾಯಿತು, ಬೆಳೆಸಿದವರು ದಯವಿಟ್ಟು ತಿಳಿಸಿ. ಫೋಟೋ ಇದ್ದರೆ ಹಾಕಿ, ಅಪ್ಪನಿಗೆ ತೋರಿಸಬೇಕು.