ಖಾಲಿ ತೋಟ, ಎರಡು ಥೌ

ಭಾನುವಾರ ಬೆಳಗ್ಗೆ ನಮ್ಮ ‘ದೊಡ್ಡಮನೆ’ ಗುಂಪಿಗೆ ಮಂಡ್ಯದ ಭಾವ ಒಂದು ಉದ್ದನೆಯ ಬರಹ ಫಾರ್ವರ್ಡ್ ಮಾಡಿದರು. ‘ಖಾಲಿ ತೋಟ ಮತ್ತೆ ತುಂಬುವಾಗ ಬುಶಿಂಗ್ ಡೈ ಯಾಕೆ ಬೇಕು?’ ಅಂತ ತಲೆಬರಹ. ಕೆಳಗೆ ಭಾವನ ಮಾತು.

ಭಾವ: ಮನೆಯಲ್ಲೇ ಕೂತು ಬಂದೂಕಿನ ಗುಂಡು ತಯಾರಿಸುತ್ತಾರಂತೆ. ಮಕ್ಕಳ ಮೊಬೈಲ್ ಮೇಲೆ ಒಂದು ಕಣ್ಣಿಡಿ.

ಸೋದರತ್ತೆ: ಯಾವ ತೋಟ? ನಮ್ಮ ಪಾಂಡವಪುರದ್ದಾ? ಅಲ್ಲಿ ನನಗೆ ಎಂಟು ತೆಂಗಿನ ಮರ ಕೊಡ್ತೀನಿ ಅಂದಿದ್ದರು ನಿಮ್ಮಪ್ಪ.

ಅದು ಕಾಡತೂಸಿನ ತೋಟಾ, ಅಂದರೆ ಮದ್ದು, ಗುಂಡು ಹಿಡಿದಿಡುವ ಹಿತ್ತಾಳೆಯ ಕೊಳವೆ. ಬರೆದವನು ದೀರ್ಘ ಬಿಟ್ಟಿದ್ದ, ಅಷ್ಟೇ. ನಾನು ಹಾಗಂತ ಹೇಳುವಷ್ಟರಲ್ಲಿ ತೆಂಗಿನ ಮರದ ಬಗ್ಗೆ ಹನ್ನೆರಡು ಮೆಸೇಜ್ ಆಗಿತ್ತು.

ದೊಡ್ಡಣ್ಣ: ಮದ್ದು ಮನೆಯಲ್ಲಿ ಇಡುವ ವಸ್ತು ಅಲ್ಲ. ಕಬ್ಬಿನ ಗದ್ದೆಗೆ ಹಂದಿ ಬರುತ್ತೆ ಅಂತ ಅಪ್ಪ ಕೋವಿ ಇಟ್ಟಿದ್ದರು. ಒಂದು ದಿನವೂ ನಮ್ಮ ಕೈಗೆ ಕೊಡಲಿಲ್ಲ. ಈಗಿನವರಿಗೆ ಆ ಭಯ ಇಲ್ಲ.

ಭಾವ: ಆ ಕೋವಿ ಚುನಾವಣೆ ಸಮಯದಲ್ಲಿ ಠಾಣೆಗೆ ಹೋಯಿತು, ವಾಪಸ್ ಬರಲಿಲ್ಲ. ರಸೀದಿ ಯಾರ ಹತ್ತಿರ ಇತ್ತು ಅಂತ ಇವತ್ತಾದರೂ ಹೇಳಿ.

ದೊಡ್ಡಣ್ಣ: ನಿಮಗೆ ಬೇಡದ ಮಾತು.

ನನ್ನ ಮಗಳು ಮೈಸೂರಿನಲ್ಲೇ ವಕೀಲಿ ಮಾಡುತ್ತಾಳೆ. ಅವಳು ಬಂದಳು.

ಮಗಳು: ಮಾವ, ಇದನ್ನು ಬರೆದವರು ಯಾರು? ಯಾವ ದೇಶದ ವಿಷಯ? 1959ರ ಶಸ್ತ್ರಾಸ್ತ್ರ ಕಾಯ್ದೆ, 5ನೇ ಸೆಕ್ಷನ್. ಪರವಾನಗಿ ಇಲ್ಲದೆ ನಮ್ಮಲ್ಲಿ ಮದ್ದುಗುಂಡು ತಯಾರಿಸುವಂತಿಲ್ಲ. ಮೂಲ ಹಾಕಿ, ಇಲ್ಲ ಡಿಲೀಟ್ ಮಾಡಿ.

ಭಾವ: ಬಂದಿದ್ದನ್ನು ಕಳಿಸಿದೆ. ನಿನ್ನ ಮದುವೆ ಮಾತುಕತೆಗೂ ನೀನು ಹೀಗೇ ಮೂಲ ಕೇಳಿದೆ.

ಶ್ರೀರಂಗಪಟ್ಟಣದ ಮಾವನ ಮಗ: ಮದ್ದು ಅಂದ ಕೂಡಲೇ ದಸರಾ ನೆನಪಾಯಿತು. ಅಪ್ಪನ ಹೆಗಲ ಮೇಲೆ ಕೂತು 21 ಕುಶಾಲತೋಪು ಎಣಿಸಿದ್ದು. ಆನೆ ಕುದುರೆಗಳಿಗೆ ಸದ್ದು ಅಭ್ಯಾಸ ಆಗಲಿ ಅಂತ ಮೊದಲೇ ತಾಲೀಮು ಇರುತ್ತಲ್ವಾ, ಅದಕ್ಕೂ ಹೋಗುತ್ತಿದ್ದೆವು. ನಮ್ಮೂರಲ್ಲಿ 2017ರಲ್ಲಿ ಜೋಡಿ ಹಳಿಗಾಗಿ ಟಿಪ್ಪು ಕಾಲದ ಮದ್ದಿನ ಮನೆಯನ್ನೇ ಒಡೆಯದೆ ಇಡಿಯಾಗಿ ಪಕ್ಕಕ್ಕೆ ಸರಿಸಿದರು. ನೋಡಿದವರು ಯಾರಿದ್ದೀರಿ?

ಎಲ್ಲರೂ ಇದ್ದರು. ಫೋಟೋ ಮೇಲೆ ಫೋಟೋ ಬಂತು.

ನಾನು ಮೂವತ್ತು ವರ್ಷ ಹೆಬ್ಬಾಳದ ಕೈಗಾರಿಕಾ ಪ್ರದೇಶದಲ್ಲಿ ಟೂಲ್‌ರೂಮಿನಲ್ಲಿದ್ದವನು. ಡೈ, ಅಂದರೆ ಲೋಹವನ್ನು ಒತ್ತಿ ಆಕಾರಕ್ಕೆ ತರುವ ಅಚ್ಚು, ಅನ್ನುವ ಮಾತು ಕಂಡರೆ ಬಿಡಲಾಗುವುದಿಲ್ಲ. ಬರಹವನ್ನು ಪೂರ್ತಿ ಓದಿದೆ. ಅದರಲ್ಲಿ ಮದ್ದಿನ ಮಾತೇ ಇಲ್ಲ. ಇರುವುದು ಹಿತ್ತಾಳೆಯ ಮಾತು. ಹಾಗಾಗಿ ಬರೆದೆ.

ನಾನು: ಎಲ್ಲರೂ ಒಂದು ನಿಮಿಷ ಕೇಳಿ. ಗುಂಡು ಹಾರಿದಾಗ ತೋಟಾದ ಕುತ್ತಿಗೆ, ಅಂದರೆ ಗುಂಡನ್ನು ಹಿಡಿದಿಡುವ ಬಾಯಿಯ ಭಾಗ, ಅರಳುತ್ತದೆ. ಹೊಸ ಗುಂಡು ಕೂರಬೇಕಾದರೆ ಅದನ್ನು ಮತ್ತೆ ಒತ್ತಬೇಕು. ಮಾಮೂಲಿ ಡೈ ಬೇಕಾದ್ದಕ್ಕಿಂತ ಜಾಸ್ತಿ ಒತ್ತುತ್ತದೆ. ಆಮೇಲೆ ಒಳಗಿನಿಂದ ಒಂದು ಗುಂಡಿ ಎಳೆದು ಹಿಗ್ಗಿಸುತ್ತದೆ. ಹಾಗೆ ಎಳೆಯುವಾಗ ಕುತ್ತಿಗೆ ಸೊಟ್ಟಗಾಗಬಹುದು. ಬುಶಿಂಗ್ ಡೈನಲ್ಲಿ ಬಿಡಿ ಬುಶ್, ಅಂದರೆ ಬದಲಿಸಬಹುದಾದ ಬಳೆ, ಇರುತ್ತದೆ. ಒಂದೊಂದು ಥೌ, ಅಂದರೆ ಇಂಚಿನ ಸಾವಿರದಲ್ಲಿ ಒಂದು ಭಾಗ, ಅಷ್ಟಷ್ಟೇ ವ್ಯತ್ಯಾಸದ ಬುಶ್‌ಗಳು ಸಿಗುತ್ತವೆ. ಗುಂಡು ಕೂರಿಸಿದ ತೋಟಾದ ಕುತ್ತಿಗೆ ಅಳೆದು, ಅದಕ್ಕಿಂತ ಒಂದೆರಡು ಥೌ ಚಿಕ್ಕ ಬುಶ್ ಹಾಕಿದರೆ ಸಾಕು. ಹಿಡಿತ ಎಲ್ಲದರಲ್ಲೂ ಸುಮಾರು ಒಂದೇ ಇರುತ್ತದೆ. ಆದರೆ ಹಿತ್ತಾಳೆಯ ದಪ್ಪ ಸುತ್ತಲೂ ಒಂದೇ ಇಲ್ಲದಿದ್ದರೆ, ಬುಶ್ ಆ ಏರುಪೇರನ್ನು ಒಳಕ್ಕೆ ತಳ್ಳುತ್ತದೆ. ಅದನ್ನು ಡೈ ಸರಿ ಮಾಡುವುದಿಲ್ಲ. ಬರೆದವನು ಇದನ್ನೂ ಬರೆದಿದ್ದಾನೆ. ತಿಳಿದು ಬರೆದಿದ್ದಾನೆ.

ದೊಡ್ಡಣ್ಣ: ನೀನು ಯಾವಾಗಲೂ ಭಾವನ ಕಡೆಗೇ.

ನಾನು: ಅಣ್ಣ, ಕೆಳಗೆ ಹೆಸರು ನೋಡಿ.

ಯಾರೂ ಅಲ್ಲಿಯವರೆಗೆ ಸರಿಸಿಯೇ ಇರಲಿಲ್ಲ. ಬರೆದವನು ನಮ್ಮ ಎರಡನೇ ಅಣ್ಣನ ಮಗ. ಟೆಕ್ಸಾಸ್‌ನಲ್ಲಿದ್ದಾನೆ. ಗುರಿ ಹೊಡೆಯುವ ಸ್ಪರ್ಧೆಗೆ ಹೋಗುತ್ತಾನೆ. ಅಲ್ಲಿ ತನ್ನ ಬಳಕೆಗೆ ತೋಟಾ ತುಂಬಿಕೊಳ್ಳಲು ಅಡ್ಡಿ ಇಲ್ಲ. ಇದೇ ಗುಂಪಿನಲ್ಲಿ ಆರು ವರ್ಷದಿಂದ ಇದ್ದಾನೆ. ಹಬ್ಬಕ್ಕೆ ಶುಭಾಶಯ ಬಿಟ್ಟರೆ ಏನೂ ಬರೆಯುವುದಿಲ್ಲ. ಬೆಳಗ್ಗೆಯಿಂದ ಎಲ್ಲವನ್ನೂ ಓದಿದ್ದ. ನೀಲಿ ಗೆರೆ ಬಿದ್ದಿತ್ತು. ನನಗೆ ನಿಜವಾಗಿ ಸಂಕಟವಾಯಿತು.

ದೊಡ್ಡಣ್ಣ: ಅವನೇ ಅಂತ ಗೊತ್ತಿರಲಿಲ್ಲ. ಆದರೂ ಹುಷಾರಾಗಿರಲಿ.

ಭಾವ: ಬರಹ ಚೆನ್ನಾಗಿದೆ ಅಂತಲೇ ನಾನು ಕಳಿಸಿದ್ದು.

ಮಗಳು: ಮಾವ, ಮೇಲೆ ನೀವೇ ಬರೆದದ್ದು ಇನ್ನೂ ಇದೆ.

ಸಂಜೆ ಅವನು ನನಗೊಬ್ಬನಿಗೇ ಮೆಸೇಜ್ ಮಾಡಿದ.

‘ಚಿಕ್ಕಪ್ಪ, ಗುಂಡು ಕೂರಿಸಿದಾಗ ಕುತ್ತಿಗೆ 338 ಥೌ. 336ರ ಬುಶ್ ಹಾಕಿದೆ. ಒತ್ತಿ ತೆಗೆದ ಮೇಲೆ ಕೆಲವು 336 ಇವೆ, ಕೆಲವು 337. ಯಾಕೆ?’

‘ಹಿತ್ತಾಳೆ ಒತ್ತಿ ಬಿಟ್ಟರೆ ಸ್ವಲ್ಪ ಹಿಂದಕ್ಕೆ ಅರಳುತ್ತದೆ ಕಂದ. ಹಲವು ಸಲ ಬಳಸಿದ್ದು ಗಡುಸಾಗಿರುತ್ತದೆ, ಇನ್ನೂ ಜಾಸ್ತಿ ಅರಳುತ್ತದೆ. ಯಾವುದು ಎಷ್ಟು ಸಲ ಹಾರಿಸಿದ್ದು ಅಂತ ಬೇರೆ ಬೇರೆ ಇಟ್ಟಿದ್ದೀಯಾ?’

ಹತ್ತು ನಿಮಿಷ ಸುಮ್ನೆ ಇದ್ದ. ಎದ್ದು ಹೋಗಿ ನೋಡಿರಬೇಕು.

‘ಇಲ್ಲ ಚಿಕ್ಕಪ್ಪ, ಬೆರೆತುಹೋಗಿತ್ತು. 337 ಬಂದವೆಲ್ಲ ಹಳೆ ಡಬ್ಬಿಯವು. ಐದು ಸಲ ಹಾರಿಸಿದವು.’

‘ಅವನ್ನು ಬೇರೆ ಇಡು. ಕುತ್ತಿಗೆಯನ್ನಷ್ಟೇ ಕಾಯಿಸಿ ಮೆತ್ತಗೆ ಮಾಡಿದ ಮೇಲೆ ಮತ್ತೆ ಅಳೆದು ಹೇಳು.’

ಗುಂಪಿನಲ್ಲಿ ಅತ್ತೆ ಇನ್ನೂ ಎಂಟು ತೆಂಗಿನ ಮರ ಕೇಳುತ್ತಿದ್ದರು.